ಪಾರ್ವತಕ್ಕ ಅಳೆಯಲು ಕೊಟ್ಟ ಮನೆ

ಪಾರ್ವತಕ್ಕನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಐದು ಹೊಲಿಗೆ ಮಿಷನ್‌ಗಳ ಸದ್ದಿನ ಮೇಲೆ ಮಾತಾಡಿ ರೂಢಿಯಾಗಿ, ಸಾವಿನ ಮನೆಯಲ್ಲಿ ಸಮಾಧಾನ ಹೇಳಿದರೂ ಅದು ಓಣಿಯ ಆಚೆ ತುದಿಗೆ ಕೇಳುತ್ತಿತ್ತು. ಆಂಧ್ರದ ಗಡಿಯೊಳಗಿನ ರಾಯದುರ್ಗದ ನಮ್ಮ ಓಣಿಯಲ್ಲಿ ಮನೆಮನೆಗೂ ಜೀನ್ಸ್ ಹೊಲಿಯುತ್ತಿದ್ದರು. ಬಟ್ಟೆಯ ಬಣ್ಣ ಹತ್ತಿ ಪಾರ್ವತಕ್ಕನ ಬೆರಳುಗಳು ಸದಾ ನೀಲಿ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಹೋಗಿ ನಾನು ಊರಿಗೆ ಮರಳಿದಾಗ, ಏನೂ ಕೇಳದೆ ಒಂದು ಮಿಷನ್ ತೋರಿಸಿ, "ಕುಂದ್ರು. ಜೇಬು ನೀ ಹೊಲಿ," ಅಂದವರು ಅವರು.

ಆ ವರ್ಷ ಬಳ್ಳಾರಿಯಿಂದ ಬರುತ್ತಿದ್ದ ಕೆಲಸ ಅರ್ಧಕ್ಕೆ ಇಳಿಯಿತು. ಅದೇ ಹೊತ್ತಿಗೆ ಮನೆಗಂದಾಯದ ಸುದ್ದಿ ಬಂತು. ಇನ್ನು ಮೇಲೆ ಬಾಡಿಗೆ ನೋಡಿ ಅಲ್ಲ, ಮನೆಯ ಬೆಲೆ ನೋಡಿ ಹಾಕುತ್ತಾರಂತೆ. ಮಿಷನ್ ಇದ್ದರೆ ಅಂಗಡಿಯ ದರವಂತೆ. ಎಷ್ಟಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಭಯ ಹೆಚ್ಚು. ಕೆಲವರು ಮಿಷನ್ ಅಡುಗೆಮನೆಗೆ ಸಾಗಿಸಿ ಮೇಲೆ ಕಂಬಳಿ ಹೊದಿಸಿದರು.

ಮುನ್ಸಿಪಾಲಿಟಿಯಿಂದ ಮನೆ ಅಳೆಯಲು ಬಂದವಳು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗಿ. ಕಡಪದ ಕಡೆಯವಳು, ಒಬ್ಬಳೇ ಬಂದಿದ್ದಳು. ಗಂಡಸರು ಸುತ್ತುವರಿದರು. ಒಬ್ಬ ಟೇಪು ಕಿತ್ತುಕೊಂಡ. ಹಿಂದಿನಿಂದ ಯಾರೋ ತಳ್ಳಿದರು. ಹುಡುಗಿ ಮೊಣಕಾಲೂರಿ ಬಿದ್ದಳು.

"ಕೋಣ್ಯಾಗ ಹಾಕಿ ಬೀಗ ಜಡೀರಿ. ಸಾಹೇಬ್ರು ಬರ್ಲಿ," ಎಂದು ಯಾರೋ ಅಂದರು. ನಾನು ಪಾರ್ವತಕ್ಕನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಪಾರ್ವತಕ್ಕ ಮಿಷನ್ ಬಿಟ್ಟೆದ್ದು ಹೋಗಿ ಹುಡುಗಿಯನ್ನು ರಟ್ಟೆ ಹಿಡಿದು ಎಬ್ಬಿಸಿದರು. ಟೇಪಿಗಾಗಿ ಕೈ ಚಾಚಿದರು.

"ಅಕ್ಕಾ, ನೀ ಯಾರ ಕಡಿ?" ಅಂದ ಟೇಪು ಹಿಡಿದವನು.

"ನನ್ನ ಮನಿ ಮೊದ್ಲು ಅಳೀಲಿ. ಬರಕೊಂಡಿದ್ದು ಎಲ್ಲಾರ ಮುಂದ ಓದ್ಲಿ. ತಪ್ಪಾಗಿದ್ರ ಆಫೀಸಿಗೆ ಕೂಡಿ ಹೋಗೂಣು. ಈಕಿ ಮೈ ಮುಟ್ಟಿದ್ರ ಪೊಲೀಸ್ರು ಬರ್ತಾರ. ಆಮ್ಯಾಲ ನಮ್ಮ ಮಾತು ಯಾರ್ ಕೇಳ್ತಾರಪ್ಪ?"

ಅವನು ಟೇಪು ಕೊಟ್ಟ.

ಜನ ಕಿಟಕಿಗೆ ಮುಖ ಒತ್ತಿ ನಿಂತರು. ಮಿಷನ್‌ಗಳ ಬಳಿ ಬಂದಾಗ ಹುಡುಗಿಯ ಕೈ ತಡೆಯಿತು. ಇವನ್ನು ಒಳಗಿಡಿ ಅಕ್ಕ, ವಾಸದ ಮನೆ ಎಂದೇ ಬರೆಯುತ್ತೇನೆ ಎಂದು ತೆಲುಗಿನಲ್ಲಿ ಪಿಸುಗುಟ್ಟಿದಳು.

ಪಾರ್ವತಕ್ಕ ಎಂದಿನ ದನಿಯಲ್ಲೇ ಕೇಳಿದರು: "ಓಣಿಗೆಲ್ಲ ಹಂಗ ಬರೀತಿಯೇನವ್ವ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

"ಹಂಗಾರ ಇದ್ದಂಗ ಬರಿ."

ಕಿಟಕಿಯ ಆಚೆಯವರಿಗೆಲ್ಲ ಅದು ಕೇಳಿತು. ಮರುದಿನ ಉಳಿದ ಮನೆಗಳ ಬಾಗಿಲೂ ಅಳತೆಗೆ ತೆರೆದವು.

ಕಂದಾಯದ ನೋಟಿಸು ಬಂದಾಗ ಎಲ್ಲರಿಗೂ ಅಂಗಡಿಯ ದರವೇ ಬಿದ್ದಿತ್ತು. ಪಾರ್ವತಕ್ಕ ನಮ್ಮನ್ನೆಲ್ಲ ಕಟ್ಟಿಕೊಂಡು ಕಚೇರಿಗೆ ಹೋದರು; ಸಾಹೇಬರು ಹೊರಗೆ ಬರುವವರೆಗೂ ಮೆಟ್ಟಿಲು ಬಿಟ್ಟೇಳಲಿಲ್ಲ. ಹಾಗೆ ಎಷ್ಟೋ ಸಲ ಅಲೆದ ಮೇಲೆ, ಒಂದೇ ಮಿಷನ್ ಇರುವ ಮನೆಯನ್ನು ವಾಸದ ಮನೆ ಎಂದು ಹಿಡಿಯಲು ಸಾಹೇಬರು ಒಪ್ಪಿದರು. ಓಣಿಯ ಹೆಚ್ಚಿನ ಮನೆಗಳು ಅಂಥವೇ. ಪಾರ್ವತಕ್ಕನದಲ್ಲ.

"ನಾಕು ಮಿಷನ್ ಮಾರಿಬಿಡ್ರಿ ಅಕ್ಕ," ಅಂದೆ.

"ನೀವು ನಾಕು ಮಂದಿ ಎಲ್ಲಿ ಕುಂದ್ರತೀರಿ?" ಅಂದರು. ಕೊರಳ ಸರ ಮಾರಿ ಕಂದಾಯ ಕಟ್ಟಿದರು. ಮುಂದೆ ಬಳ್ಳಾರಿಯ ಕೆಲಸ ಪೂರ್ತಿ ನಿಂತಿತು. ಮರುವರ್ಷದ ಕಂದಾಯಕ್ಕೆ ಮಾಡಿದ ಸಾಲಕ್ಕೆ ಮಿಷನ್‌ಗಳೂ ಹೋದವು, ಮನೆಯೂ ಹೋಯಿತು. ಪಾರ್ವತಕ್ಕ ಮಡಕಶಿರದ ತಂಗಿಯ ಮನೆಗೆ ಹೊರಟುಹೋದರು.

ಕೊನೆಯ ಸಲ ನೋಡಿದ್ದು ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ. ಸೊರಗಿದ್ದರು. ಓಣಿಯ ಒಬ್ಬೊಬ್ಬರನ್ನೂ ವಿಚಾರಿಸಿದರು. ತಡೆಯಲಾರದೆ ಕೇಳಿದೆ: "ಅವತ್ತು ಆ ಹುಡುಗಿ ಮಾತು ಕೇಳಿದ್ರ ಮನಿ ಉಳೀತಿತ್ತಲ್ರಿ ಅಕ್ಕ?"

"ಉಳೀತಿತ್ತು," ಅಂದರು. "ಆ ಓಣ್ಯಾಗ ನಾ ಹೆಂಗ ಇರ್ತಿದ್ದೆ?"

ನಾನು ಹಿಡಿಯಬೇಕಿದ್ದ ಪಾವಗಡದ ಬಸ್ಸು ಹೊರಡುತ್ತಿತ್ತು. ಸೀಟು ಸಿಗುವುದಿಲ್ಲ, ಹತ್ತು ಎಂದು ಬೆನ್ನು ತಳ್ಳಿದರು.

ಮುಂದೆ ನಾನು ಮಡಕಶಿರಕ್ಕೆ ಹೋದದ್ದು ಅವರ ಮಣ್ಣಿಗೆ. ಅಂದು ಓಣಿಯ ಮನೆಗಳಿಗೆಲ್ಲ ಬೀಗ ಹಾಕಿ ಎಲ್ಲರೂ ಒಟ್ಟಿಗೆ ಹೋದೆವು.