ಖಾಕಿ ಕಾಗದದ ಪಾಲಮ್ಮ

ನಮ್ಮ ಮನೆಯವರಿಗೆ ಕೂತು ಊಟ ಮಾಡಿ ಗೊತ್ತಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಬಾಗಿಲಿಗೆ ಓಡಾಡುತ್ತಲೇ ತುತ್ತು ಇಳಿಸುತ್ತಾರೆ. ಮದುವೆಯಾದ ಹೊಸದರಲ್ಲಿ ನನ್ನ ಅಡುಗೆ ಸೇರಲಿಲ್ಲವೇನೋ ಅಂದುಕೊಂಡು ಅತ್ತಿದ್ದೆ. ಇಪ್ಪತ್ತೊಂದು ವರ್ಷವಾಯಿತು, ಅಳುವುದು ಬಿಟ್ಟು ಬೈಯುವುದು ಕಲಿತಿದ್ದೇನೆ.

ರಾಯದುರ್ಗದ ಜೀನ್ಸ್ ಯೂನಿಟ್ಟುಗಳಲ್ಲಿ ಭೀಮೇಶ್ ಮಾಸ್ಟರ್ ಅಂದರೆ ಗೊತ್ತಿಲ್ಲದವರು ಕಡಿಮೆ. ಪ್ಯಾಂಟು ಹೊಲಿಯುವ ಮೊದಲು ಅದರ ಒಂದೊಂದು ಭಾಗವನ್ನೂ ದಪ್ಪ ಖಾಕಿ ಕಾಗದದಲ್ಲಿ ಕತ್ತರಿಸಿಕೊಳ್ಳಬೇಕು. ಅದಕ್ಕೆ ಪ್ಯಾಟರ್ನ್ ಅನ್ನುತ್ತೇವೆ. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಗೆರೆ ಎಳೆದ ಮೇಲೆಯೇ ಬಟ್ಟೆಗೆ ಕತ್ತರಿ. ಆ ಕಾಗದ ಕತ್ತರಿಸುವವರು ಇವರು. ನಾನು ಅದೇ ಯೂನಿಟ್ಟಿನಲ್ಲಿ ಹಿಂದಿನ ಜೇಬು ಹೊಲಿಯುತ್ತೇನೆ. ನಮ್ಮ ಅತ್ತೆ ಪಾಲಮ್ಮ ಮನೆಯ ಬಾಗಿಲಲ್ಲಿ ಕೂತು, ಹೊಲಿದು ಬಂದ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಾರೆ. ಹೀಗೆ ಮನೆಯ ಮೂವರೂ ಊರವರ ಕಾಲು ಮುಚ್ಚುವ ಕೆಲಸದಲ್ಲೇ ಇದ್ದೇವೆ.

ಪ್ಯಾಟರ್ನ್ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಜೀನ್ಸ್ ಬಟ್ಟೆ ತೊಳೆದರೆ ಕುಗ್ಗುತ್ತದೆ. ಒಂದು ಪ್ಯಾಂಟು ಹೊಲಿದು, ತೊಳೆದು, ಅಳತೆ ಹಿಡಿದು, ಎಷ್ಟು ಕುಗ್ಗಿತು ನೋಡಿ ಕಾಗದವನ್ನು ತಿದ್ದಬೇಕು. ಮತ್ತೆ ಹೊಲಿ, ಮತ್ತೆ ತೊಳಿ, ಮತ್ತೆ ತಿದ್ದು. ಇವರ ಕೈಗೆ ಆ ತಿದ್ದುವ ಚಟ ಎಷ್ಟು ಅಂಟಿದೆಯೆಂದರೆ ಗೋಡೆಯ ಕ್ಯಾಲೆಂಡರಿನ ಅಂಚು ಸೊಟ್ಟಗಿದ್ದರೂ ಕತ್ತರಿ ಹುಡುಕುತ್ತಾರೆ.

ಆರು ವರ್ಷದ ಹಿಂದೆ ಇವರು ಪ್ಯಾಂಟಿಗಲ್ಲದ ಕಾಗದ ಕತ್ತರಿಸಲು ಶುರುಮಾಡಿದರು. ಭಾನುವಾರ ಯೂನಿಟ್ಟು ಖಾಲಿ. ಉದ್ದನೆಯ ಕಟಿಂಗ್ ಟೇಬಲ್ ಇವರೊಬ್ಬರದೇ. ಮೊದಲು ಮಾಡಿದ್ದು ನನ್ನ ಕೈ. ಜೇಬನ್ನು ಒತ್ತಿ ಹಿಡಿದ ಬಲಗೈ, ಪದರದ ಮೇಲೆ ಪದರ ಕಾಗದ, ಬಣ್ಣ ಒಂದು ಚೂರೂ ಇಲ್ಲ. ಹೆಬ್ಬೆರಳ ಉಗುರಿಗೆ ಸೂಜಿ ಹೊಕ್ಕ ಗುರುತೂ ಇತ್ತು. ನೋಡಿ ನನಗೆ ಮೈ ಜುಮ್ಮೆಂದಿತು. ಆದರೆ ಮುಂದಿನ ವಾರ ಬೆರಳು ದಪ್ಪವಾಯಿತು ಅಂತ ಕತ್ತರಿಸಿದರು. ಅದರ ಮುಂದಿನ ವಾರ ಅಂಗೈ ದೊಡ್ಡದು ಕಂಡಿತು. ಒಂದು ತಿಂಗಳಲ್ಲಿ ಅದು ಎಳೆ ಮಗುವಿನ ಕೈಯಾಗಿ, ಕೊನೆಗೆ ಕಸದ ಬುಟ್ಟಿ ಸೇರಿತು. ಆಮೇಲೆ ಮಾಡಿದ ಮೂರು ಕೆಲಸಗಳ ಗತಿಯೂ ಅದೇ. ಒಂದನ್ನಾದರೂ ಪೂರ್ತಿ ಉಳಿಸಿದ್ದರೆ ನಾನು ಬೈಯುತ್ತಿರಲಿಲ್ಲ. ಅಷ್ಟು ಚಂದದ್ದನ್ನು ಮಾಡಿದ ಕೈಯೇ ಅದನ್ನು ಹಾಳುಮಾಡುವುದನ್ನು ನೋಡಿಕೊಂಡಿರುವುದು ಸುಲಭವಲ್ಲ.

ಐದನೆಯದು ಅತ್ತೆ. ಆಳೆತ್ತರದ ಪಾಲಮ್ಮ. ಗದ್ದೆಯ ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ಆಳುಗಳನ್ನು ಕೂಗಿ ಕರೆಯುವ ಹಾಗೆ ನಿಂತದ್ದು. ಅತ್ತೆಯ ಊರು ಬೊಮ್ಮನಹಾಳ್ ಕಡೆ. ಕಾಲುವೆ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುತ್ತಾ, ಆಮೇಲೆ ನಾಟಿಯ ಹೆಂಗಸರ ಗುಂಪು ನಡೆಸುತ್ತಾ ನಲವತ್ತು ವರ್ಷ ಕಳೆದವರು. ಅವರನ್ನು ಗೋಡೆಗೆ ನಿಲ್ಲಿಸಿ ಇವರು ಟೇಪು ಹಿಡಿದು ಅಳತೆ ಬರೆದುಕೊಂಡರು.

"ಏನೋ, ನನಗೂ ಪ್ಯಾಂಟ್ ಹೊಲಸ್ತೀ ಏನು?" ಅಂತ ಅತ್ತೆ ನಕ್ಕರು.

"ಸುಮ್ನ ನಿಂದ್ರು ಅವ್ವ. ಐವತ್ತಾರು ಇಂಚು," ಅಂದರು ಇವರು.

ಒಂಬತ್ತು ತಿಂಗಳು ಹಿಡಿಯಿತು. ಸೀರೆಯ ನೆರಿಗೆಗೇ ಹದಿನೇಳು ತುಂಡು. ನಮ್ಮ ಮನೆಯಲ್ಲಿ ಅಷ್ಟುದ್ದ ಹರಡಲು ಜಾಗವಿಲ್ಲದೆ ಎಲ್ಲವೂ ಯೂನಿಟ್ಟಿನಲ್ಲೇ ನಡೆಯಿತು. ಹಾಗಾಗಿ ಅತ್ತೆ ಅದನ್ನು ನೋಡಿರಲಿಲ್ಲ. ನೋಡಿದ ಯೂನಿಟ್ಟಿನ ಮಾಲೀಕ ಯೋಗೀಶ, "ಮಾಸ್ಟರೇ, ಭಾರಿ ಐತ್ರಿ. ಇದಕ್ಕ ಬಟ್ಟಿ ಯಾವುದು ಹಾಕ್ತೀರಿ?" ಅಂದ. ಪಾಪ, ಅವನದೂ ತಪ್ಪಲ್ಲ. ನಮ್ಮೂರಲ್ಲಿ ಖಾಕಿ ಕಾಗದ ಅಂದರೆ ಮುಂದೆ ಇನ್ನೇನೋ ಆಗಲಿಕ್ಕಿರುವುದು. ಕಾಗದವೇ ಕೊನೆ ಅಂದರೆ ಯಾರ ತಲೆಗೂ ಹೋಗುವುದಿಲ್ಲ.

ತಲೆಗೆ ಹೋದದ್ದು ಮಂಗಳಾ ಮೇಡಂ ಒಬ್ಬರಿಗೆ. ಅನಂತಪುರದ ಒಂದು ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವವರು. ವಿದ್ಯಾರ್ಥಿಗಳನ್ನು ಕರೆದುಕೊಂಡು ಯೂನಿಟ್ಟು ನೋಡಲು ಬಂದವರು ಟೇಬಲ್ಲಿನ ಮೇಲಿದ್ದ ಪಾಲಮ್ಮನ ಮುಂದೆ ನಿಂತುಬಿಟ್ಟರು. ಮುಂದಿನ ತಿಂಗಳು ಅನಂತಪುರದಲ್ಲಿ ಒಂದು ಪ್ರದರ್ಶನ ಇದೆ, ಅಲ್ಲಿರುವುದೆಲ್ಲ ಕಾಗದದ ಕೃತಿಗಳೇ, ಇದನ್ನು ತನ್ನಿ ಅಂದರು.

"ಇನ್ನಾ ತಿದ್ದೋದು ಐತ್ರಿ ಮೇಡಂ. ಇದು ಸ್ಯಾಂಪಲ್ ಅಷ್ಟ," ಅಂದರು ಇವರು.

"ಇಲ್ಲ ಮಾಸ್ಟರ್. ಇದು ಮುಗಿದಿದೆ. ಮೊದಲು ನೀವು ಕತ್ತರಿ ಕೆಳಗಿಡಿ," ಅಂದರು ಮೇಡಂ. ನನಗೆ ಅವರ ಕಾಲಿಗೆ ಬೀಳಬೇಕು ಅನಿಸಿತು.

ಆ ಒಂದು ತಿಂಗಳು ನಾನು ಕಾವಲು ಕಾದೆ. ಭಾನುವಾರ ಬಂದರೆ ಇವರ ಕೈ ಕಡಿಯುತ್ತಿತ್ತು. ಯೂನಿಟ್ಟಿಗೆ ಹೋಗಿ ಸುತ್ತಿಟ್ಟ ಕಾಗದವನ್ನು ಬಿಚ್ಚುವುದು, ನೋಡುವುದು, ಸುತ್ತುವುದು. ಕತ್ತರಿಯನ್ನು ನಾನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಇನ್ನೊಂದು ಕೊಂಡು ತಂದರು. ಅದನ್ನೂ ಬಚ್ಚಿಟ್ಟೆ. ಇದೊಂದು ಉಳಿಯಬೇಕು ಅಂತ ನನಗೆ ಹಟ ಹಿಡಿದಿತ್ತು. ಇದೂ ಹೋದರೆ ಇವರು ಮತ್ತೆ ಕಾಗದ ಮುಟ್ಟುವುದಿಲ್ಲ ಅಂತ ಭಯವೂ ಇತ್ತು. ನಾಲ್ಕನೆಯದು ಕಸಕ್ಕೆ ಹೋದಾಗ ಇವರು ನಾಲ್ಕು ತಿಂಗಳು ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ.

ಪ್ರದರ್ಶನದ ದಿನ ಬೆಳಗಿನ ಬಸ್ಸಿಗೆ ಮೂವರೂ ಹೊರಟೆವು. ಕೂರಲು ಜಾಗವಿದ್ದರೂ ಇವರು ಕಾಗದದ ಸುರುಳಿಯನ್ನು ತಬ್ಬಿಕೊಂಡು ಕಲ್ಯಾಣದುರ್ಗದವರೆಗೂ ನಿಂತೇ ಬಂದರು. ಅಲ್ಲಿ ಇಳಿದು ಬಸ್ಸಿಗೆ ಎರಡು ಸುತ್ತು ಹಾಕಿ ಮತ್ತೆ ಹತ್ತಿದರು. ಕಂಡಕ್ಟರು, "ಏಮಯ್ಯಾ, ಕೂರ್ಚೋ!" ಅಂತ ತೆಲುಗಿನಲ್ಲಿ ಗದರಿಸಿದರೂ ಕೂರಲಿಲ್ಲ.

ಪ್ರದರ್ಶನದ ಹಾಲ್ ದೊಡ್ಡದಾಗಿ, ಬಿಳಿ ಗೋಡೆಗಳಿಂದ ತುಂಬ ಚೊಕ್ಕಟವಾಗಿತ್ತು. ಜನರನ್ನು ಒಳಗೆ ಬಿಡುವುದಕ್ಕೆ ಇನ್ನೂ ಒಂದು ಗಂಟೆ ಇತ್ತು. ಇವರೂ ಮೇಡಮ್ಮೂ ಸೇರಿ ಪಾಲಮ್ಮನನ್ನು ಗೋಡೆಗೆ ನಿಲ್ಲಿಸುತ್ತಿದ್ದರು. ಪಾದ ನೆಲಕ್ಕೆ ತಾಗುವ ಹಾಗೆ ಇರಲಿ ಅಂತ ಮೇಡಂ ಹೇಳಿದ್ದರು. ಅತ್ತೆಗೆ ಚಹಾ ಕುಡಿಸಲು ನಾನು ಹೊರಗೆ ಕರೆದುಕೊಂಡು ಹೋದೆ. ಅರ್ಧ ಲೋಟ ಇಳಿದಿರಲಿಲ್ಲ, ಮೇಡಂ ಓಡಿ ಬಂದರು.

"ಬೇಗ ಬನ್ನಿ ಲಕ್ಷ್ಮಿದೇವಿ. ಮಾಸ್ಟರ್ ಕತ್ತರಿ ತೆಗೆದಿದ್ದಾರೆ."

ಮೂರನೇ ಕತ್ತರಿ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಲೋಟ ಅಲ್ಲೇ ಇಟ್ಟು ಓಡಿದೆ. ಆದದ್ದು ಇಷ್ಟೇ. ಕೃತಿಯ ಪಕ್ಕ ಅಂಟಿಸುವ ಚೀಟಿಯಲ್ಲಿ ಎತ್ತರ ಬರೆಯಬೇಕು ಅಂತ ಮೇಡಂ ಕೇಳಿದ್ದಾರೆ. ಇವರು ಟೇಪು ಹಿಡಿದಿದ್ದಾರೆ. ಐವತ್ತಾರು ಇರಬೇಕಾದದ್ದು ಐವತ್ತೊಂಬತ್ತು ಬಂದಿದೆ. ಇವರು ಅತ್ತೆಯ ಅಳತೆಗೂ, ಜೀನ್ಸಿಗೆ ಸೇರಿಸುವ ಹಾಗೆ, ತೊಳೆದಾಗ ಕುಗ್ಗುವುದಕ್ಕೆಂದು ಬಿಡುವ ಹೆಚ್ಚುವರಿಯನ್ನು ಸೇರಿಸಿಬಿಟ್ಟಿದ್ದರು. ಎತ್ತರಕ್ಕೂ ಸೇರಿಸಿದ್ದರು, ಅಗಲಕ್ಕೂ ಸೇರಿಸಿದ್ದರು. ತೊಳೆಯದ ಕಾಗದ ಕುಗ್ಗುವುದು ಹೇಗೆ? ಇಪ್ಪತ್ತೈದು ವರ್ಷ ಪ್ಯಾಂಟು ಅಳೆದ ಕೈ ತನ್ನ ಪಾಡಿಗೆ ತಾನು ಆ ಲೆಕ್ಕ ಹಾಕಿತ್ತು, ತಲೆಗೆ ಹೇಳಿರಲಿಲ್ಲ.

ನಾನು ಹೋದಾಗ, ನೆತ್ತಿಯಿಂದ ಟೇಪು ಇಳಿಬಿಡಲು ಹತ್ತಿದ್ದ ಸ್ಟೂಲಿನ ಮೇಲೇ ಇವರು ಇನ್ನೂ ಇದ್ದರು. ಮುಖ ಬೆವತಿತ್ತು. ಕಾಗದದ ಭುಜದ ಅಂಚಿಗೆ ಆಗಲೇ ಬೆರಳುದ್ದ ಕತ್ತರಿ ಬಿದ್ದಿತ್ತು.

"ಏನ್ರೀ, ನಿಮಗ ಕೈ ಮುಗೀತೀನಿ, ಇಳೀರಿ ಕೆಳಗ," ಅಂದೆ.

"ಸೈಜ್ ತಪ್ಪೈತಿ ಲಕ್ಷ್ಮೀ. ಎಲ್ಲಾ ತಪ್ಪೈತಿ."

"ಯಾರಿಗೆ ಗೊತ್ತಾಗುತ್ತೆ ಮಾಸ್ಟರ್? ಮೂರು ಇಂಚು," ಅಂದರು ಮೇಡಂ.

"ಅವ್ವಗ ಗೊತ್ತಾಗತೈತ್ರಿ. ಆಕಿ ಪಕ್ಕ ಬಂದು ನಿಂತ್ರ ಎಲ್ಲಾರಿಗೂ ಗೊತ್ತಾಗತೈತಿ. ಹೆತ್ತ ತಾಯಿ ಅಳತಿ ತಪ್ಪಿದವ ನಾನು ಎಂಥಾ ಮಾಸ್ಟರು? ಭುಜದಾಗ ಒಂದು ತೆಗೀತೀನಿ, ಸೊಂಟದಾಗ ಒಂದು, ಆಮ್ಯಾಲ ನೆರಿಗಿ..."

ಹೀಗೆ ಒಂದು, ಒಂದು ಅಂತಲೇ ಮೊದಲು ಮಾಡಿದ ನನ್ನ ಕಾಗದದ ಕೈಯೂ ಹೋಗಿತ್ತು. ಸ್ಟೂಲನ್ನೇ ಎಳೆದು ಬೀಳಿಸಲೇ ಅನ್ನುವಷ್ಟು ಸಿಟ್ಟು ಬಂತು. ಆ ಬೆವತ ಮುಖ ನೋಡಿ ಸಂಕಟವೂ ಆಯಿತು.

ಅಷ್ಟರಲ್ಲಿ ಅತ್ತೆ ನಿಧಾನಕ್ಕೆ ಒಳಗೆ ಬಂದರು. ಬೆನ್ನು ಬಾಗಿದೆ, ನಡಿಗೆ ಮೆಲ್ಲಗೆ. ಮಗನ ಕಡೆ ನೋಡಲೇ ಇಲ್ಲ. ನೇರ ಗೋಡೆಯ ಹತ್ತಿರ ಹೋಗಿ ತಲೆ ಎತ್ತಿ ನೋಡಿದರು. ಅವರ ನೆತ್ತಿ ಕಾಗದದ ಹೆಂಗಸಿನ ಹಣೆಯ ಮಟ್ಟಕ್ಕಷ್ಟೇ ಬಂತು. ಸೊಂಟದ ಮೇಲಿದ್ದ ಆ ಕೈಯನ್ನು ಮುಟ್ಟಿ, ತಮ್ಮ ಕೈಯನ್ನೂ ಹಾಗೇ ಸೊಂಟಕ್ಕಿಟ್ಟು ನೋಡಿಕೊಂಡರು.

"ತಪ್ಪಾಗೇತಿ ಅವ್ವ," ಅಂದರು ಇವರು, ಸ್ಟೂಲಿನ ಮೇಲಿಂದಲೇ. "ನೀ ಇಷ್ಟು ಎತ್ತರ ಇಲ್ಲ. ಈಗ ಸರಿ ಮಾಡ್ತೀನಿ, ನೀ ಹೊರಗ ಕುಂದ್ರು ಹೋಗು."

"ಇಲ್ಲ ಅಂತ ನಿನಗ್ಯಾರು ಹೇಳಿದ್ರು?" ಅತ್ತೆಯ ದನಿ ಗದ್ದೆಯಾಚೆಗೆ ಕೇಳುವಂಥದ್ದು. ಇಡೀ ಹಾಲ್ ತುಂಬಿತು. "ನಿಮ್ಮಪ್ಪ ನನ್ನ ಲಗ್ನ ಆಗಿ ಕರಕೊಂಡು ಬಂದಾಗ ನಾ ಇಷ್ಟ ಇದ್ದೆ. ನೀ ಹುಟ್ಟಿದಾಗೂ ಇಷ್ಟ ಇದ್ದೆ. ನೀ ಕಂಡಿಲ್ಲ, ನಿನಗ ಬುದ್ಧಿ ಬರೋದ್ರಾಗ ಆ ಗದ್ದಿ ನೀರಾಗ ಬಗ್ಗಿ ಬಗ್ಗಿ ಅರ್ಧ ಕುಗ್ಗಿದ್ದೆ."

ಇವರು ಕತ್ತರಿಯನ್ನು ಹಾಗೇ ಹಿಡಿದು ನಿಂತಿದ್ದರು.

"ಇನ್ನಾ ಎಷ್ಟು ಸಣ್ಣ ಮಾಡ್ತೀಯೋ ನನ್ನ?" ಅಂದರು ಅತ್ತೆ. "ಸಾಕು, ಇಳಿ."

ಇವರು ಇಳಿದು ಕತ್ತರಿ ಕೆಳಗಿಟ್ಟರು. ಮೇಡಂ ಹತ್ತಿರ ಬಂದು ಕತ್ತರಿ ಬಿದ್ದ ಭುಜವನ್ನು ಹಿಂದಿನಿಂದ ಅಂಟಿಸಿ ಕೊಡಲೇ ಅಂತ ಮೆಲ್ಲಗೆ ಕೇಳಿದರು. ಇವರು ಕಾಗದವನ್ನು ಒಮ್ಮೆ ನೋಡಿದರು, ಪಕ್ಕದಲ್ಲಿ ನಿಂತ ಅತ್ತೆಯನ್ನು ಒಮ್ಮೆ ನೋಡಿದರು.

"ಬ್ಯಾಡ್ರಿ ಮೇಡಂ," ಅಂದರು. "ಮುಗೀತು."