ಅಂಗೈ ಅಗಲದ ಅರಳಿ

ಮಹದೇವಪ್ಪನವರು ಮಣ್ಣಿಗೆ ಜ್ವರ ನೋಡುತ್ತಿದ್ದರು. ಥರ್ಮಾಮೀಟರು ಅಂದರೆ ಅವರ ಬಲಗೈ ತೋರುಬೆರಳು. ಧನುರ್ಮಾಸದ ಬೆಳಗ್ಗೆ ಮಂಕಿಟೋಪಿ ಹಾಕಿಕೊಂಡು ತಾರಸಿಗೆ ಬಂದು, ಸಾಲಾಗಿಟ್ಟ ಮಣ್ಣಿನ ತಟ್ಟೆಗಳಿಗೆ ಬೆರಳು ಚುಚ್ಚಿ, ಕಣ್ಣು ಮುಚ್ಚಿ, ಬೆರಳನ್ನು ಮೂಗಿಗೆ ಹಿಡಿದು, "ಹ್ಞೂಂ, ಬೇಡ" ಅನ್ನುವರು. ನೀರು ಬೇಡ ಅಂತ. ಆ "ಹ್ಞೂಂ, ಬೇಡ" ನನ್ನ ಮೊದಲ ಹಿಟ್ ಐಟಂ. ವಿಜಯನಗರದ ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೋದರೂ ಉಪ್ಪಿಟ್ಟಿಗೆ ಬೆರಳು ಚುಚ್ಚಿ ಅವರ ಹಾಗೆ ಮಾಡಿ ತೋರಿಸುತ್ತಿದ್ದೆ. ಉಪ್ಪಿಟ್ಟು ಮಾತ್ರ ಬೇಡ ಅಂದದ್ದಿಲ್ಲ.

ತಟ್ಟೆಗಳಲ್ಲಿ ಇದ್ದದ್ದು ಆಲ, ಅತ್ತಿ, ಅರಳಿ. ಊರಿಗೇ ನೆರಳು ಕೊಡುವ ಜಾತಿ. ಅವರ ತಾರಸಿಯಲ್ಲಿ ಇರುವೆಗೆ ನೆರಳು ಕೊಡುತ್ತಿದ್ದವು. ಬೇರೆಯವರು ಬೋನ್ಸಾಯ್ ಅಂದರೆ ಅವರು "ಕುಳ್ಳ" ಅನ್ನುವರು. ನನ್ನನ್ನೂ ಹಾಗೇ ಕರೆಯುತ್ತಿದ್ದರಿಂದ "ಯಾಕೋ ಕುಳ್ಳ ಒಣಗ್ತಿದಾನೆ" ಅಂದಾಗಲೆಲ್ಲ ನಮ್ಮಮ್ಮನಿಗೆ ಗಾಬರಿ.

"ನಿಮ್ಮಪ್ಪ ನಿನ್ನ ಯಾವ ತಟ್ಟೇಲಿ ಬೆಳೆಸಿದ್ರೋ?" ಅಂತ ಒಮ್ಮೆ ಕೇಳಿದರು. ಕಾಲೇಜು ಸೇರಿದ ಮೇಲೂ ಕಂಡಕ್ಟರ್ ಅರ್ಧ ಟಿಕೆಟ್ ಹರಿಯುವ ಎತ್ತರ ನನ್ನದು.

ಎಲ್ಲಕ್ಕಿಂತ ಹಳೆಯದು ಅರಳಿ. ನೌಕರಿಗೆ ಸೇರಿದ ಹೊಸದರಲ್ಲಿ ಕಾರ್ಖಾನೆಯ ಗೋಡೆ ಬಿರುಕಿನಿಂದ ಬಿಡಿಸಿ ತಂದ ಸಸಿ. ಅವರು ರಿಟೈರ್ ಆದರೂ ಅದು ಮೊಣಕಾಲು ದಾಟಿರಲಿಲ್ಲ. ಅರಳಿಯನ್ನು ಮನೆಯಲ್ಲಿ ಇಡಬಾರದು ಅಂದವರಿಗೆ ಎದೆ ಮೇಲಿನ ಲಿಂಗದ ಕರಡಿಗೆ ಮುಟ್ಟಿ ತೋರಿಸುವರು: "ದೇವ್ರನ್ನೇ ಅಂಗೈಲಿ ಇಟ್ಕೊಂಡು ಪೂಜೆ ಮಾಡೋರು ನಾವು. ಮರ ಯಾವ ಲೆಕ್ಕ?"

ಚಳಿಗಾಲದಲ್ಲಿ ಎಳೆಬಿಸಿಲಿಗೆ ತಟ್ಟೆ ಸರಿಸುವುದು, ಸಂಜೆ ಗಾಳಿಗೆ ಗೋಣಿಚೀಲ ಮರೆ ಕಟ್ಟುವುದು, ಬೆರಳು ಒಣಗಿ ಬಂದರೆ ಮಾತ್ರ ಒಂದು ಲೋಟ ನೀರು. ಕತ್ತರಿ, ಗೊಬ್ಬರಕ್ಕಿಟ್ಟ ಹಿಂಡಿಯ ಡಬ್ಬ ಯುಗಾದಿ ತನಕ ಬೀರುವಿನಲ್ಲಿ.

"ಚಳೀಲಿ ಪ್ರೀತಿ ಕಮ್ಮಿ ಮಾಡ್ಬೇಕು ಕಣೋ. ಮಲಗಿರೋ ಮಗೂನ ಎಬ್ಬಿಸಿ ಉಣಿಸ್ತಾರೇನೋ?"

ಅವರ ಸೊಸೆ ಶಾಂತಕ್ಕನಿಗೆ ಮಕ್ಕಳಿರಲಿಲ್ಲ. ಮಗನಿಗೆ ಇನ್ನೊಂದು ಮದುವೆ ಮಾಡಿ ಅಂತ ನೆಂಟರು ಶುರು ಮಾಡಿದ್ದರು. ಪಕ್ಕದ ಮನೆಯ ಕಮಲಮ್ಮ ದಾರಿ ತೋರಿಸಿದರು: "ಅಶ್ವತ್ಥಕ್ಕೆ ನೀರು ಹಾಕಿ ಪ್ರದಕ್ಷಿಣೆ ಬಾರೇ." ಸೈಟು ಮಾಡುವಾಗ ನಮ್ಮ ಕಡೆಯ ಮರಗಳೆಲ್ಲ ಹೋಗಿದ್ದವು, ಅರಳಿಕಟ್ಟೆಗೆ ಬಸ್ಸು ಹಿಡಿಯಬೇಕು. "ಬಸ್ ಯಾಕೆ? ನಿಮ್ಮ ತಾರಸೀಲೇ ಇದೆಯಲ್ಲ!" ಅಂದರು ಕಮಲಮ್ಮ.

ಶಾಂತಕ್ಕ ತಲೆಗೆ ನೀರು ಹಾಕಿಕೊಂಡು ಬಂದು, ಅರಳಿಯ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಸುತ್ತತೊಡಗಿದಳು. ಸುತ್ತಿಗೊಂದು ಉದ್ಧರಣೆ ನೀರು.

"ಅಕ್ಕಾ, ನೀವು ನಿಂತ್ಕೊಳ್ಳಿ. ಸ್ಟೂಲ್‌ನೇ ತಿರುಗಿಸ್ತೀನಿ, ತಲೆ ಸುತ್ತಲ್ಲ" ಅಂದೆ. ನಕ್ಕಳು.

ಮಹದೇವಪ್ಪನವರು ನಗಲಿಲ್ಲ. ಬೆರಳು ಚುಚ್ಚಿದರು, ಮೂಗಿಗೆ ಹಿಡಿದರು. "ಹ್ಞೂಂ" ಅಂದರು. "ಬೇಡ" ಬಾಯಿ ತನಕ ಬಂದು, ಸೊಸೆಯ ಮುಖ ಕಂಡು ಒಳಗೇ ಹೋಯಿತು.

ಅವಳು ಕೆಳಗಿಳಿದ ಮೇಲೆ ಕೇಳಿದೆ: "ಹೇಳ್ಬಾರ್ದಾ ಸಾರ್?"

"ಏನಂತ ಹೇಳ್ಲಿ? ನಿನ್ನ ಮಗೂಗಿಂತ ನನ್ನ ಮರ ದೊಡ್ದು ಅಂತಾನಾ?"

ಎಲೆ ಉದುರಿತು. ಆ ಕಾಲಕ್ಕೆ ಉದುರಲೇಬೇಕು. ಕಮಲಮ್ಮ "ದೇವ್ರಿಗೆ ಬಾಯಾರಿದೆ ಕಣೇ" ಅಂದರು. ನೀರಿನ ಜೊತೆ ಹಾಲೂ ಸೇರಿತು. ಯುಗಾದಿಗೆ ಆಲ ಚಿಗುರಿತು, ಅತ್ತಿ ಚಿಗುರಿತು. ಅರಳಿಯನ್ನು ಮುಟ್ಟಿದರೆ ಬುಡ ಸಮೇತ ಕೈಗೇ ಬಂತು. ಬೇರು ಹುಳಿ ಮಜ್ಜಿಗೆಯ ನಾತ ಹೊಡೆಯುತ್ತಿತ್ತು.

ಅದೇ ಕಮಲಮ್ಮ ಬೀದಿಯಲ್ಲಿ ನಿಂತು, "ಅಶ್ವತ್ಥಾನೇ ಒಣಗಿಸಿದ ಕೈ. ಇನ್ನು ಮಡಿಲು ತುಂಬುತ್ಯೇ?" ಅಂದರು.

ಮಹದೇವಪ್ಪನವರು ಗೇಟಿಗೆ ಬಂದರು. "ಒಣಗಿಸಿದ್ದು ನಾನು ಕಣಮ್ಮ. ಚಳೀಲಿ ಹಿಂಡಿ ಹಾಕ್ಬಿಟ್ಟೆ, ಬೇರು ಸುಟ್ಟೋಯ್ತು. ಅರಳೋ ಮರುಳೋ ವಯಸ್ಸು ನೋಡು."

ಹಿಂಡಿಯ ಡಬ್ಬ ಬೀರುವಿನಿಂದ ಇಳಿದಿರಲೇ ಇಲ್ಲ. ಬೀದಿ ನಕ್ಕಿತು. ಅವರು ಮಿಕ್ಕ ತಟ್ಟೆಗಳನ್ನು ಕೇಳಿದವರಿಗೆ ಕೊಟ್ಟರು. ತೋರುಬೆರಳಿನ ಉಗುರು ಸ್ವಚ್ಛವಾಯಿತು, ನೋಡಲಾಗುತ್ತಿರಲಿಲ್ಲ. ಆದರೆ ಅವರು ಇರುವ ತನಕ ಆ ಮನೆಯಲ್ಲಿ ಇನ್ನೊಂದು ಮದುವೆಯ ಮಾತು ಮತ್ತೆ ಏಳಲಿಲ್ಲ.

ಮುಂದಿನ ಚಳಿಗೆ ಅವರೇ ಹೋದರು. ಶಿವಗಣಾರಾಧನೆಯ ಊಟ ಅರಗುವ ಮುಂಚೆಯೇ ನೆಂಟರು ಬೇರೆ ಹೆಣ್ಣು ನೋಡಿ ಬಂದರು. ಶಾಂತಕ್ಕನಿಗೆ ತವರಿಗೆ ಹೋಗು ಅಂದರು. ಅವಳ ಗಂಡ ಟ್ರಂಕು ಎತ್ತಿ ಆಟೋದಲ್ಲಿ ಇಟ್ಟುಕೊಟ್ಟ. ಅಷ್ಟು ಉಪಕಾರ ಮಾಡಿ ಒಳಗೆ ಹೋದ.

ಗೇಟಿನ ಹತ್ತಿರ ಅವಳು ನನ್ನನ್ನು ಕರೆದಳು. "ಮಾವನ ಥರ ಮಾತಾಡ್ತೀಯಲ್ಲ, ಒಂದ್ಸಲ ನನ್ನ ಬೈಯೋ. ಮರ ಕೊಂದೆ ಅಂತ. ಅವರು ಬೈಲೇ ಇಲ್ಲ."

ಕಣ್ಣು ಮುಚ್ಚಿದೆ. ಅವರ ಕೆಮ್ಮು ಬಂತು. "ಹ್ಞೂಂ" ಬಂತು. ಮುಂದಕ್ಕೆ ಏನೂ ಬರಲಿಲ್ಲ. ಆಟೋದವನು ಹಾರ್ನ್ ಹೊಡೆದ. ಇಡೀ ಬೀದಿಯ ದನಿ ನನ್ನ ಗಂಟಲಲ್ಲಿದೆ, ಕಮಲಮ್ಮನದೂ ಇದೆ. ಆದರೆ ಮಹದೇವಪ್ಪನವರು ಶಾಂತಕ್ಕನನ್ನು ಬೈದದ್ದು ಒಂದು ಸಲವಾದರೂ ಕೇಳಿದ್ದರೆ ತಾನೇ ನಕಲು ಮಾಡೋದು?