ಮಣಿಕಟ್ಟಿನ ಮೇಲೆ ಬೆಳೆದ ಚಂದ್ರ

ಹಳೆಯ ಮನೆ ಕೆಡವಿದ ಸಾಮಾನು ಕೊಳ್ಳುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಬಾಗಿಲಿನ ಕೆತ್ತನೆಗೆ ಮರುಳಾಗಬೇಡಿ, ಬಗ್ಗಿ ಅದರ ಕೆಳತುದಿ ನೋಡಿ. ನೀರು ಕುಡಿದಿದೆಯೋ ಗೆದ್ದಲು ತಿಂದಿದೆಯೋ ಅಲ್ಲೇ ಗೊತ್ತಾಗುತ್ತದೆ. ಕೊಟ್ಟೂರಿನಲ್ಲಿ ಸೈಕಲ್ಲಿನ ಹಿಂದೆ ಕಿಟಕಿ ಸರಳು ಕಟ್ಟಿಕೊಂಡು ತಿರುಗಿ ಶುರು ಮಾಡಿದ ವ್ಯಾಪಾರ ಇದು. ಈಗ ರಸ್ತೆ ಬದಿಯ ನನ್ನ ಅಂಗಳದ ತುಂಬ ತೊಲೆ, ಕಂಬ, ಬಾಗಿಲುಗಳು ಗೋಡೆಗೆ ಒರಗಿ ನಿಂತಿವೆ. ಕೆಳತುದಿ ನೋಡದೆ ನಾನು ಮನೆಗೆ ತಂದ ವಸ್ತುವೆಂದರೆ ಒಂದು ಕೈಗಡಿಯಾರ.

ಹಂಪಿಯ ಕಡೆ ಪ್ರವಾಸಿಗರಿಗೆಂದು ತಂಗುಮನೆ ಕಟ್ಟಿಸುತ್ತಿದ್ದ ಒಬ್ಬರು ನನ್ನ ಅಂಗಳದ ಗಿಳಿ ಕೆತ್ತಿದ ಜೋಡಿ ಬಾಗಿಲಿಗೆ ಮನಸೋತಿದ್ದರು. ನಾನು ನನ್ನ ಬೆಲೆ ಹೇಳಿ ಸುಮ್ಮನೆ ಕೂತೆ. ಚೌಕಾಸಿಯಲ್ಲಿ ಹೇಳಿದ ಮೇಲೆ ಸುಮ್ಮನಿರುವುದೇ ಅರ್ಧ ವಿದ್ಯೆ. ಮೌನ ತಾಳಲಾರದವನು ತಾನಾಗಿ ಬಗ್ಗುತ್ತಾನೆ. ಅವರು ಬಗ್ಗಿದರು. ಕೈಯಲ್ಲಿದ್ದ ವಾಚು ಬಿಚ್ಚಿ, ಇದನ್ನೂ ಸೇರಿಸಿಕೊಳ್ಳಿ, ಹೊರದೇಶದ್ದು ಎಂದು ನನ್ನ ಮುಂದಿಟ್ಟರು.

ಅದಕ್ಕೆ ಮುಳ್ಳುಗಳೇ ಇರಲಿಲ್ಲ. ಗಾಜಿನ ಕೆಳಗೆ ಇದ್ದದ್ದು ಆಕಾಶ. ಮಳೆಗಾಲ ಕಳೆದ ಮೇಲೆ ಸಂಜೆ ದಾಟಿದ ಹೊತ್ತಿನಲ್ಲಿ ಕಾಣುತ್ತದಲ್ಲ, ಅಂಥ ನೀಲಿ. ಅದರಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕಿಗಳು. ಬಾಲವಿರುವ ಒಂದು ಬಂಗಾರದ ನಕ್ಷತ್ರ ಅಂಚಿನಗುಂಟ ಬಲು ನಿಧಾನ ಸುತ್ತುತ್ತ ಗಂಟೆ ತೋರಿಸುತ್ತಿತ್ತು. ನಿಮಿಷ ಬೇಕಾದವರು ಬೇರೆಯವರನ್ನು ಕೇಳಬೇಕು. ಕೆಳಗಡೆ ಒಂದು ಕರಿಯ ಗುಡ್ಡ. ಆ ಗುಡ್ಡದ ಹಿಂದಿನಿಂದ ಚಂದ್ರ ದಿನಕ್ಕೊಂದಿಷ್ಟು ಹೊರಬಂದು, ಹುಣ್ಣಿಮೆಗೆ ತುಂಬಿ ನಿಂತು, ಮತ್ತೆ ಒಂದಿಷ್ಟಿಷ್ಟೇ ಮರೆಯಾಗುತ್ತಾನೆ ಎಂದು ಅವರು ವಿವರಿಸಿದರು. ಸೆಲ್ಲಿಲ್ಲ, ಕೀಲಿಯೂ ಇಲ್ಲ. ಕಟ್ಟಿಕೊಂಡವರ ಕೈ ಆಡಿದರೆ ಅದೂ ಆಡುತ್ತದೆ, ಬಿಚ್ಚಿಟ್ಟರೆ ಒಂದೆರಡು ದಿನದಲ್ಲಿ ನಿಲ್ಲುತ್ತದೆ. ವ್ಯಾಪಾರಿಯಾಗಿ ನಾನು ಅದನ್ನು ಬೇಡ ಅನ್ನಬೇಕಿತ್ತು. ಕೈ ಮಾತ್ರ ಅದನ್ನು ತಿರುಗಿ ಇಡಲಿಲ್ಲ.

ನನ್ನ ಮಗಳು ಕೊಟ್ಟೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಬಂದ ವರಗಳನ್ನೆಲ್ಲ ಒಂದೊಂದು ಮಾತಿನಲ್ಲಿ ಕಳಿಸಿದವಳು, ಹಡಗಲಿ ತಾಲೂಕಿನ ಹೊಳಲು ಕಡೆಯ ಒಬ್ಬ ಹುಡುಗನಿಗೆ ಮಾತ್ರ ಹೂಂ ಅಂದಳು. ಹರಪನಹಳ್ಳಿಯ ಗುಡ್ಡಗಳ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳಿವೆಯಲ್ಲ, ಅವುಗಳ ರಿಪೇರಿ ಕೆಲಸ ಅವನದು. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಅಷ್ಟೆತ್ತರ ಹತ್ತುತ್ತಾನೆ. ಮೇಲಿನಿಂದ ನಿಮ್ಮ ಕೊಟ್ಟೂರು ಕಾಣುತ್ತದೆ ಎಂದು ಅವಳಿಗೆ ಫೋನಿನಲ್ಲಿ ಹೇಳಿದ್ದನಂತೆ. ಅದು ಕಾಣುವುದಿಲ್ಲವೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಆ ಮಾತು ಹೇಳುವಾಗ ಅವಳ ಮುಖ ಬೇರೆಯೇ ಆಗಿತ್ತು. ಅವತ್ತು ನನಗೊಂದು ಷರತ್ತು ಹಾಕಿದಳು.

"ಅಪ್ಪಾ, ಇದು ಬಾಗ್ಲಾ ವ್ಯಾಪಾರ ಅಲ್ಲ. ಈ ಒಂದರಾಗ ನೀನು ಚೌಕಾಸಿ ಮಾಡಬ್ಯಾಡ."

ಆಯಿತು ಎಂದೆ. ನಮ್ಮಲ್ಲಿ ನಿಶ್ಚಯದ ದಿನ ಹೆಣ್ಣಿನ ಕಡೆಯವರು ಗಂಡಿಗೆ ಉಂಗುರ, ವಾಚು ಕೊಡುತ್ತಾರೆ. ಆಮೇಲೆ ಗಂಡಿನ ಕಡೆಯ ಹಿರಿಯ ಹೆಣ್ಣುಮಗಳು ಹುಡುಗಿಗೆ ಉಡಿ ತುಂಬುತ್ತಾಳೆ. ಆಕಾಶಕ್ಕೆ ಹತ್ತುವ ಹುಡುಗನಿಗೆ ಆಕಾಶದ ವಾಚು ಎಂದು ನನ್ನ ಹೆಂಡತಿಯೇ ಅಲ್ಮಾರಿಯಿಂದ ಅದನ್ನು ತೆಗೆದು ಕೊಟ್ಟಳು. ನಿಂತುಹೋಗಿತ್ತು. ಅಲುಗಾಡಿಸಿದೆ, ಗಂಟೆ ಹೊಂದಿಸಿದೆ. ಚಂದ್ರ ಕಾಣಲಿಲ್ಲ. ಗುಡ್ಡದ ಹಿಂದೆ ಎಲ್ಲೋ ಇದ್ದಾನೆ ಬಿಡು ಅಂದುಕೊಂಡೆ.

ಹುಡುಗನ ಅಜ್ಜಿ ಮಲ್ಲಿಗೆ ತೋಟ ಮಾಡಿ ಸಂಸಾರ ಎತ್ತಿದ ಹೆಂಗಸು. ನಿಶ್ಚಯದ ಸಂಜೆ ನಮ್ಮ ಮನೆಯಲ್ಲಿ ತಟ್ಟೆಯಲ್ಲಿದ್ದ ವಾಚನ್ನು ಎತ್ತಿ ಕಣ್ಣ ಹತ್ತಿರ ಹಿಡಿದರು. ಇದೇನು, ಮುಳ್ಳಿಲ್ಲ ಎಂದರು. ನಾನು ಉತ್ಸಾಹದಿಂದ ಚುಕ್ಕಿ, ಬಾಲದ ನಕ್ಷತ್ರ, ಚಂದ್ರ ಎಲ್ಲವನ್ನೂ ವಿವರಿಸಿದೆ. ಮಾಲನ್ನು ಅಗತ್ಯಕ್ಕಿಂತ ಹೆಚ್ಚು ಹೊಗಳಬಾರದು ಎಂದು ಬೇರೆಯವರಿಗೆ ಹೇಳುವವನು ನಾನೇ.

"ಚಂದ್ರ ಎಲ್ಲದಾನ ಮತ್ತ?" ಅಂದರು ಅಜ್ಜಿ.

ಚಾಪೆಯ ಮೇಲೆ ಕೂತವರೆಲ್ಲ ಕತ್ತು ಚಾಚಿದರು. ಹೊರಗೆ ಹುಣಸೆ ಮರದ ಮೇಲೆ ಬಿದಿಗೆ, ತದಿಗೆ ದಾಟಿದ ಎಳೆಯ ಚಂದ್ರ ಆಗಲೇ ಬಂದಿದ್ದ. ಒಳಗೆ ತಟ್ಟೆಯಲ್ಲಿ ಅಮಾವಾಸ್ಯೆ. ನನಗೆ ನಗು ಬಂತು. ಒಂದು ಕ್ಷಣ ತಡೆಯಿರಿ, ಈ ಪಕ್ಕದ ಗುಂಡಿ ತಿರುವಿ ಇಲ್ಲೇ ಹುಣ್ಣಿಮೆ ತರುತ್ತೇನೆ ಎಂದು ಕೈ ಚಾಚಿದೆ. ಅಜ್ಜಿ ವಾಚನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

"ತಿರುವಿ ತಂದ ಹುಣ್ಣಿವಿ ಎಷ್ಟ್ ದಿನ ಇರ್ತೈತ್ರಿ ಬೀಗರ? ನನ್ನ ಮೊಮ್ಮಗ ಮುಗಲ ತನಕ ಹತ್ತಾನ. ಅವನ ಕೈಗೆ ಅಮಾಸಿ ಕಟ್ಟಿ ಹತ್ಸು ಅಂದ್ರ ನನ್ ಕೈಲಿ ಆಗಂಗಿಲ್ಲ."

ಬೇರೆ ವಾಚು ತರಿಸೋಣ ಎಂದರು ನಮ್ಮ ಕಡೆಯವರು. ಅಜ್ಜಿ ಅದಕ್ಕೂ ಒಪ್ಪಲಿಲ್ಲ. ತಟ್ಟೆಯಲ್ಲಿಟ್ಟದ್ದನ್ನು ಬದಲಿಸುವುದು ಇನ್ನೂ ಕೆಟ್ಟದ್ದಂತೆ. ಇದರೊಳಗಿನ ಚಂದ್ರ ತಾನಾಗಿ ಬೆಳೆಯಲಿ. ಹದಿನೈದು ದಿನ ಕಳೆದ ಮೇಲೆ ಬರುವ ಸೋಮವಾರಕ್ಕೆ ತುಂಬಿರುತ್ತಾನಲ್ಲ, ಅವತ್ತು ಬಂದು ನೋಡಿ ಉಡಿ ತುಂಬುತ್ತೇನೆ. ತುಂಬದಿದ್ದರೆ ದೇವರ ಮನಸ್ಸಿನಲ್ಲಿ ಇಲ್ಲವೆಂದು ತಿಳಿಯೋಣ ಎಂದು ವಾಚನ್ನು ತಟ್ಟೆಗೆ ಮರಳಿಸಿ ಎದ್ದುಬಿಟ್ಟರು. ಹುಡುಗ ಅಜ್ಜಿಯ ಮುಂದೆ ಎರಡು ಮಾತಾಡಿ ಸೋತ. ನನ್ನ ನಾಲಗೆಯ ತುದಿಯಲ್ಲಿ ಹತ್ತು ಉಪಾಯಗಳಿದ್ದವು. ಮಗಳು ಅಡುಗೆಮನೆ ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದಳು. ಸುಮ್ಮನಾದೆ.

ಅರ್ಧಕ್ಕೆ ನಿಂತ ನಿಶ್ಚಯದ ಸುದ್ದಿ ಊರಲ್ಲಿ ಹೇಗೆ ಓಡುತ್ತದೆ ಎಂದು ಹೇಳಬೇಕಿಲ್ಲ. ಹುಡುಗಿಗೆ ಏನೋ ಇರಬೇಕು ಎಂದರು. ಹುಡುಗನಿಗೆ ಬೇರೆ ಕಡೆಯಿಂದಲೂ ಕೇಳುತ್ತಿದ್ದಾರೆ ಎಂಬ ಮಾತೂ ಬಂತು. ಮಗಳು ದಿನಾ ಲ್ಯಾಬಿಗೆ ಹೋಗಿ ಬಂದಳು. ಆದರೆ ಬೆಳಗ್ಗೆ ಚಹಾ ಕೊಡುವಾಗ ಮೊದಲು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಮಣಿಕಟ್ಟು ನೋಡುತ್ತಿದ್ದಳು.

ವಾಚು ನಿಲ್ಲಬಾರದು, ಹಾಗಾಗಿ ನಾನೇ ಕಟ್ಟಿಕೊಂಡೆ. ವ್ಯಾಪಾರಕ್ಕೆ ಹೋದಲ್ಲೆಲ್ಲ ಅದೂ ಬಂತು. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಹಳೆಯ ಮನೆಯ ಮಾಳಿಗೆ ಬಿಚ್ಚಿಸುವಾಗ ಗುಡ್ಡದ ಹಿಂದಿನಿಂದ ಉಗುರಿನ ಅಂಚಿನಷ್ಟು ಬೆಳ್ಳಿ ಇಣುಕಿತು. ಮೇಲೆ ನಿಂತವರು ತೊಲೆ ಇಳಿಸಲೇ ಎಂದು ಕೂಗುತ್ತಿದ್ದರು. ನಾನು ತಡೀರಿ ಎಂದು ಕೈ ಎತ್ತಿ, ಎತ್ತಿದ ಕೈಯನ್ನೇ ನೋಡುತ್ತ ನಿಂತೆ. ಹೊಸಹಳ್ಳಿ ದಾಟಿ ಕೂಡ್ಲಿಗಿಗೆ ಬರುವ ದಾರಿಯಲ್ಲಿ ಹೆಂಗಸರು ಹುಣಸೆ ಬಡಿಯುತ್ತಿದ್ದರು. ನೆರಳಿಗೆಂದು ಗಾಡಿ ನಿಲ್ಲಿಸಿದವನು ಎಷ್ಟು ಹೊತ್ತು ಕೂತೆನೋ. ಕಾಯಿ ಬೀಳುವ ಸದ್ದು, ಕೈಯ ಮೇಲೆ ಎಲೆಯ ಸಣ್ಣ ಸಣ್ಣ ನೆರಳು, ನೆರಳಿನ ನಡುವೆ ನೀಲಿ. ಹಗಲು ಹೊತ್ತಿನಲ್ಲಿ ಚುಕ್ಕಿ ನೋಡುತ್ತ ಕೂತ ಮನುಷ್ಯ ಕೊಟ್ಟೂರಿನಲ್ಲಿ ನನಗಿಂತ ಮೊದಲು ಯಾರೂ ಇರಲಿಕ್ಕಿಲ್ಲ.

ಮೈಲಾರದಲ್ಲಿ ಹೊಳೆಗಿಳಿದು ಕಾಲು ತೊಳೆದೆ. ಸಂಜೆ ನೀರು ತೆಳ್ಳಗೆ ಹರಿಯುತ್ತಿತ್ತು. ನೀರಿನಲ್ಲಿ ಮುಕ್ಕಾಲು ತುಂಬಿದ ಚಂದ್ರ, ಕೈಯಲ್ಲಿ ಅರ್ಧ ಚಂದ್ರ. ಎರಡರ ನಡುವೆ ನಾಲ್ಕೈದು ದಿನದ ಅಂತರ. ಯಾವುದು ಮುಂದೆ, ಯಾವುದು ಹಿಂದೆ ಎಂದು ಯೋಚಿಸುತ್ತ ಕೂತರೆ ನಾನೇ ಎಲ್ಲೋ ಮಧ್ಯದ ದಿನದಲ್ಲಿ ಇದ್ದಂತೆ ಅನಿಸಿತು. ನನ್ನ ಬದುಕಿನಲ್ಲಿ ಬೇಗ ಕೊಡಿ, ಈಗಲೇ ಮುಗಿಸಿ, ನಾಳೆಗೆ ಬೇಡ ಎಂದು ಎಲ್ಲವನ್ನೂ ಅವಸರ ಮಾಡಿಸಿ ಗೆದ್ದವನು ನಾನು. ಈ ಒಂದು ಬೆಳ್ಳಿಯ ತುಣುಕನ್ನು ಕೂದಲೆಳೆಯಷ್ಟೂ ಮುಂದೆ ಸರಿಸುವಂತಿರಲಿಲ್ಲ. ಸರಿಸುವ ಗುಂಡಿ ಬೆರಳಿನ ಹತ್ತಿರವೇ ಇತ್ತು. ಆಶ್ಚರ್ಯವೆಂದರೆ ಆ ಸಂಜೆ ಮುಟ್ಟಬೇಕೆಂದೂ ಅನಿಸಲಿಲ್ಲ.

ಆಮೇಲೆ ಜ್ವರ ಬಂತು. ಹರಪನಹಳ್ಳಿಯಲ್ಲಿ ಕಂಬ ಇಳಿಸಿ ಬಿಸಿಲಲ್ಲಿ ಬಂದವನು ಮಲಗಿದವನೇ ಏಳಲಿಲ್ಲ. ಮೈ ಒರೆಸುವಾಗ ಹೆಂಡತಿ ವಾಚು ಬಿಚ್ಚಿ ಮೊಳೆಗೆ ತೂಗುಹಾಕಿದ್ದಳು. ಮಧ್ಯಾಹ್ನಗಳೆಲ್ಲ ಒಂದರೊಳಗೊಂದು ಬೆರೆತವು. ಕಣ್ಣು ಮುಚ್ಚಿದರೆ ನನ್ನ ಅಂಗಳದ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು, ಒಂದೊಂದರ ಹಿಂದೆಯೂ ಅದೇ ನೀಲಿ. ಒಬ್ಬ ಹುಡುಗ ಬೆಲ್ಟು ಕಟ್ಟಿಕೊಂಡು ಅದರೊಳಕ್ಕೆ ಹತ್ತುತ್ತಿದ್ದ, ಕೆಳಗೆ ನನ್ನ ಮಗಳು ಬೆಳಕಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಆ ಅಜ್ಜಿ ಹೇಳಿದ್ದು ಮೂಢ ಮಾತಲ್ಲ, ಬರಿ ಭಯ ಎಂದು ನನಗೆ ತಿಳಿದದ್ದು ಆ ಜ್ವರದಲ್ಲಿ. ಅಷ್ಟೆತ್ತರ ಹತ್ತುವವನ ಮನೆಯವರು ಏನನ್ನಾದರೂ ಹಿಡಿದುಕೊಳ್ಳಲೇಬೇಕು.

ಜ್ವರ ಬಿಟ್ಟು ಕಣ್ಣು ತೆರೆದಾಗ ಮಗಳು ಮೊಳೆಯ ಕೆಳಗೆ ನಿಂತಿದ್ದಳು. ವಾಚು ಕಿವಿಗೆ ಹಿಡಿದಿದ್ದಳು.

"ನಿಂತೈತಿ," ಅಂದಳು.

ನಾನು ಮಲಗಿದ್ದೆ, ಅದೂ ಮಲಗಿತ್ತು. ಎಷ್ಟು ಹೊತ್ತು ಎಂದು ಯಾರಿಗೂ ಗೊತ್ತಿಲ್ಲ. ಅವಳು ಅದನ್ನು ಅಲುಗಾಡಿಸಿ, ಜಾರದಂತೆ ಕರವಸ್ತ್ರ ಸುತ್ತಿ ತನ್ನ ಕೈಗೇ ಕಟ್ಟಿಕೊಂಡಳು. ಸೋಮವಾರದ ಹೊತ್ತಿಗೆ ಚಂದ್ರ ಗುಡ್ಡದಿಂದ ಪೂರ್ತಿ ಬಿಡಿಸಿಕೊಂಡಿರಲಿಲ್ಲ. ಒಂದು ಅಂಚು ಇನ್ನೂ ಹಿಂದೆಯೇ. ಬೀಗರ ಗಾಡಿ ಬರುವ ಮೊದಲು ಹೆಂಡತಿ ನನ್ನ ಕಡೆ ನೋಡಿದಳು, ನಾನು ವಾಚಿನ ಕಡೆ. ಒಂದು ಸಲ ತಿರುವಿದರೆ ಯಾರಿಗೂ ತಿಳಿಯುವುದಿಲ್ಲ. ಮಗಳು ತಲೆ ಅಲ್ಲಾಡಿಸಿ, ಬೇಡ, ಇದ್ದದ್ದು ಇದ್ದಂತೆ ತೋರಿಸೋಣ ಎಂದಳು.

ಅಜ್ಜಿ ಬಂದು ಕೂತರು. ನೀರು ಕುಡಿದರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇನ್ನೂ ಒಂದೀಟು ಕಡಿಮಿ ಐತಲ್ಲ."

ಹುಡುಗ ನೆಲ ನೋಡುತ್ತಿದ್ದ. ಮಗಳು ಬಂದು ಅಜ್ಜಿಯ ಎದುರಿಗೆ ಕೂತಳು. ಅಪ್ಪನಿಗೆ ಜ್ವರ ಬಂದಿತ್ತು, ವಾಚು ನಿಂತಿತ್ತು ಎಂದು ನಡೆದದ್ದನ್ನು ನಡೆದಂತೆ ಹೇಳಿದಳು. ಆಮೇಲೆ ಕೇಳಿದಳು.

"ಅಜ್ಜಿ, ನೀವು ತೋಟದಾಗ ಅರಳಿದ ಹೂವ ಕೀಳ್ತೀರೇನು?"

"ಅರಳಿದ್ದು ಯಾರಿಗಿ ಬೇಕವ್ವಾ? ಪ್ಯಾಟಿ ಮುಟ್ಟಾದ್ರಾಗ ಬಾಡ್ತಾವು. ಮೊಗ್ಗಿದ್ದಾಗ ಕೀಳಬೇಕು."

"ಇದೂ ಮೊಗ್ಗು ಐತಿ ನೋಡ್ರಿ. ತುಂಬಿದ್ರ ನಾಳಿಂದ ಸವ್ಯಾಕ ಹತ್ತತಿತ್ತು."

ಅಜ್ಜಿ ಮತ್ತೊಮ್ಮೆ ಗಾಜಿನೊಳಗೆ ನೋಡಿದರು. ಹೇಳಬೇಕಾದ್ದು ಹೇಳಿ ಮಗಳು ಸುಮ್ಮನೆ ಕೂತಿದ್ದಳು. ಅವಳ ಬೆರಳು ಮಾತ್ರ ಸೀರೆಯ ಅಂಚು ಸುತ್ತುತ್ತಿತ್ತು. ಕೊನೆಗೆ ಅಜ್ಜಿಯ ತುಟಿಯ ಕೊನೆ ಸಡಿಲವಾಯಿತು.

"ಬೀಗರ, ನೀವು ಬಾಗ್ಲಾ ಮಾರ್ತೀರಿ. ನಿಮ್ ಮಗಳು ಮುಗಲನ್ನ ಮಾರ್ತಾಳ ಬಿಡ್ರಿ," ಎಂದು ಹುಡುಗನ ಕಡೆ ತಿರುಗಿದರು. "ಕೈ ಚಾಚಲೇ."

ಕಟ್ಟಿದರೆ ವಾಚು ಜಾರಿ ಮೊಣಕೈವರೆಗೆ ಹೋಯಿತು. ಚರ್ಮದ ಪಟ್ಟಿಯ ತೂತುಗಳೆಲ್ಲ ನನ್ನ ದಪ್ಪ ಕೈಯ ಅಳತೆಯವು. ಹುಡುಗನದು ಸಣ್ಣ ಮಣಿಕಟ್ಟು. ಅಜ್ಜಿ ದಬ್ಬಳ ಕೇಳಿದರು. ಹೆಂಡತಿ ಗೋಣಿ ಹೊಲಿಯುವ ದಬ್ಬಳ ತಂದು ಒಲೆಯ ಮೇಲೆ ಕೆಂಪಗೆ ಕಾಯಿಸಿ ಕೊಟ್ಟಳು. ಮಗಳು ಪಟ್ಟಿ ಬಿಗಿಯಾಗಿ ಹಿಡಿದಳು, ಅಜ್ಜಿ ಚುಚ್ಚಿದರು. ಸುಟ್ಟ ಚರ್ಮದ ಘಮಲು ಅಜ್ಜಿ ತಂದಿದ್ದ ಮಲ್ಲಿಗೆಯ ವಾಸನೆಯೊಂದಿಗೆ ಪಡಸಾಲೆಯಲ್ಲಿ ಹರಡಿತು. ಹೊಗೆ ಆರುವವರೆಗೆ ಆ ಹೊಸ ತೂತಿಗೆ ಅಜ್ಜಿ, ಮಗಳು ಇಬ್ಬರೂ ಮೆಲ್ಲಗೆ ಊದುತ್ತಿದ್ದರು.